ನಮ್ಮವರೊಬ್ಬರಿಗೆ ನೌಕರಿ ಬೇಕಾಗ್ಯಾದ್ರಿ

ನಾನು ಈವರೆಗೆ ನನಗಾಗಿ ಯಾರಲ್ಲೂ ಏನನ್ನೂ ಕೇಳಿದವನಲ್ಲ. ಇದನ್ನು ದೊಡ್ಡಸ್ತಿಕೆ ಎಂದು ತಿಳಿಯಬಾರದು. ಬೀದರಿನಲ್ಲಿ ಹುಟ್ಟಿ ಬೆಳೆದವರು ಯಾರೂ ಕೇಳುವುದಿಲ್ಲ. ಬೇಕಾದದ್ದೆಲ್ಲ ನಮಗೂ ಬೇಕು, ಉಳಿದ ಊರಿನವರಿಗಿಂತ ಒಂದು ಕೈ ಹೆಚ್ಚೇ ಬೇಕು. ಆದರೆ ಬೇಕಾಗಿರುವುದು ಯಾವಾಗಲೂ ಇನ್ನೊಬ್ಬರಿಗೆ. ಮದುವೆ ಮನೆಯಲ್ಲಿ ಇನ್ನೊಂದು ಹೋಳಿಗೆ ತಿನ್ನಬೇಕೆನಿಸಿದರೆ ಬಡಿಸುವವನನ್ನು ಕರೆದು, "ಏ, ಇವರಿಗೆ ಹಾಕಪಾ" ಎಂದು ಪಕ್ಕದವರ ಎಲೆ ತೋರಿಸುತ್ತೇವೆ. ಪಕ್ಕದವರು, "ನನಗ ಬ್ಯಾಡ, ಅವರಿಗೇ ಹಾಕ್ರಿ" ಎಂದು ನಮ್ಮ ಎಲೆ ತೋರಿಸುತ್ತಾರೆ. ಬಡಿಸುವವನೂ ಇದೇ ಊರಿನವನಾದ್ದರಿಂದ ಇಬ್ಬರಿಗೂ ಒಂದೊಂದು ಹಾಕಿ ಮುಂದೆ ಹೋಗುತ್ತಾನೆ. ಯಾರೂ ಕೇಳಿದಂತಾಗುವುದಿಲ್ಲ.

ಬಗದಲ್ ಎಂಬ ಹಳ್ಳಿಯಲ್ಲಿದ್ದ ನನ್ನ ಸೋದರಮಾವನಿಗೆ ಒಮ್ಮೆ ಮೂಲವ್ಯಾಧಿಯಾಗಿತ್ತು. ಬೀದರಿಗೆ ಬಂದು ಡಾಕ್ಟರ ಮುಂದೆ ನಿಂತು, "ನಮ್ಮವರೊಬ್ಬರಿಗೆ ಭಾಳ ತ್ರಾಸ ಆಗ್ಯಾದ್ರಿ" ಎಂದ. ಡಾಕ್ಟರು, "ಕೂತ್ಕೊಂಡು ಹೇಳ್ರಿ" ಎಂದರು. "ಇಲ್ರಿ, ನಿಂತೇ ಹೇಳ್ತೇನಿ" ಎಂದ ಮಾವ. ಡಾಕ್ಟರು ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಮತ್ತೇನೂ ಕೇಳದೆ ಔಷಧಿ ಬರೆದು, "ಅವರಿಗೆ ಖಾರ ಬಿಡ್ಲಿಕ್ಕ ಹೇಳ್ರಿ" ಎಂದರು. ಮಾವ ಅಂದಿನಿಂದ ಖಾರ ಬಿಟ್ಟ. ತಿಂಗಳಾದ ಮೇಲೆ ಒಂದು ಬುಟ್ಟಿ ಪೇರಲಹಣ್ಣು ಹೊತ್ತುಕೊಂಡು ಹೋಗಿ, "ಅವರಿಗೆ ಆರಾಮ ಆಯ್ತ್ರಿ" ಎಂದು ಹೇಳಿ, ಕುರ್ಚಿಯ ಮೇಲೆ ಕುಳಿತು, ಅರ್ಧ ತಾಸು ಮಾತಾಡಿ ಬಂದ. ನಮ್ಮ ಕಡೆಯ ವ್ಯವಹಾರವೆಲ್ಲ ಹೀಗೆಯೇ ಸುಸೂತ್ರವಾಗಿ ನಡೆಯುತ್ತದೆ. ನನ್ನ ಪ್ರಸಂಗದಲ್ಲಿ ಮಾತ್ರ ಸ್ವಲ್ಪ ಹೆಚ್ಚು ಕಡಿಮೆಯಾಯಿತು.

ನನಗೆ ಬೇಕಾಗಿ ಬಂದದ್ದು ನೌಕರಿ. ಅದೂ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ. ಇಪ್ಪತ್ತೆರಡು ವರ್ಷ ನಾನು ಬೀದರಿನ ಒಂದು ಖಾಸಗಿ ಡಿ.ಎಡ್. ಕಾಲೇಜಿನ ಆಫೀಸಿನಲ್ಲಿದ್ದೆ. ಮಾಸ್ತರಾಗಬೇಕೆನ್ನುವವರು ಒಂದು ಕಾಲಕ್ಕೆ ನಮ್ಮ ಗೇಟಿನ ಹೊರಗೆ ಸಾಲು ಹಚ್ಚುತ್ತಿದ್ದರು. ಬರಬರುತ್ತ ಮಾಸ್ತರಿಕೆಯ ಮೇಲಿನ ಆಸೆ ಮಂದಿಗೆ ಇಳಿಯಿತು. ಕೊನೆಯ ವರ್ಷ ವಿದ್ಯಾರ್ಥಿಗಳು ನಾಲ್ವರು, ಸಿಬ್ಬಂದಿ ಐವರು. ಆ ನಾಲ್ವರಲ್ಲಿ ಒಬ್ಬಳಿಗೆ ಮದುವೆ ನಿಶ್ಚಯವಾದಾಗ ನಾವೆಲ್ಲ ಊಟಕ್ಕೆ ಹೋಗಿ ಬಂದೆವು, ಆದರೆ ಯಾರಿಗೂ ಊಟ ರುಚಿಸಲಿಲ್ಲ. ಜೂನ್ ತಿಂಗಳಲ್ಲಿ ಆಡಳಿತ ಮಂಡಳಿಯವರು ನಮ್ಮನ್ನು ಕರೆದು ಒಬ್ಬೊಬ್ಬರಿಗೆ ಒಂದು ಶಾಲು, ಒಂದು ಹಾರ, ಒಂದು ಅನುಭವ ಪತ್ರ ಕೊಟ್ಟರು. ನಾನು ಶಾಲು ಹೊದ್ದುಕೊಂಡೇ ಮನೆಗೆ ಬಂದೆ. ನನ್ನ ಹೆಂಡತಿ ಮಂಗಲಾ ಬಾಗಿಲಲ್ಲೇ ನಿಂತಿದ್ದಳು. "ಯಾಕ್ರಿ, ಸನ್ಮಾನ ಆಯ್ತೇನು?" ಎಂದಳು. "ಹೂಂ. ಕಾಲೇಜು ಬಂದ್ ಆಯ್ತು" ಎಂದೆ. ಆಕೆ ಶಾಲಿನ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿ, "ಛಲೋ ಅದ" ಎಂದಳು. ಆಮೇಲೆ ಒಳಗೆ ಹೋಗಿ ಜೋಳದ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು.

ಮಂಗಲಾ ಅಂಗನವಾಡಿ ಕಾರ್ಯಕರ್ತೆ. ಆಕೆಗೆ ಸಿಗುವುದಕ್ಕೆ ಸರಕಾರ ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತದೆ. ಅದರ ಮೇಲೆ ಗೌರವದಿಂದ ಬದುಕಬಹುದು, ಊಟ ಮಾತ್ರ ಬೇರೆ ಕಡೆ ನೋಡಿಕೊಳ್ಳಬೇಕು. ಮಗಳು ಪ್ರಿಯಾಂಕಾ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಳು. ಮುಂದೆ ಕಲಬುರಗಿಗೆ ಹೋಗಿ ಎಂ.ಎಸ್ಸಿ. ಓದುತ್ತೇನೆಂದು ಹೈಸ್ಕೂಲಿನಿಂದ ಹೇಳುತ್ತ ಬಂದವಳು. ಕಾಲೇಜು ಬಂದಾದ ಮೂರನೆಯ ದಿನ ರೊಟ್ಟಿ ಮುರಿಯುತ್ತ, ಯಾರೂ ಕೇಳದೆಯೇ, "ಎಂ.ಎಸ್ಸಿ. ಯಾರಿಗೆ ಬೇಕಾಗ್ಯಾದ ಪಪ್ಪಾ, ನನಗೂ ಓದಿ ಓದಿ ಸಾಕಾಗ್ಯಾದ" ಎಂದಳು. ಅವಳು ನನ್ನ ಮಗಳು. ಬೇಕಾದದ್ದನ್ನು ಬೇಡ ಎನ್ನುವುದು ಅವಳಿಗೂ ರಕ್ತದಲ್ಲೇ ಬಂದಿದೆ. ಅವಳ ಎಂ.ಎಸ್ಸಿ. ಅರ್ಜಿಯ ಹೊತ್ತಿಗೆ ಎಲ್ಲಿಯಾದರೂ ಸರಿ, ಏನಾದರೂ ಸರಿ, ಒಂದು ನೌಕರಿ ಹಿಡಿಯಲೇಬೇಕೆಂದು ಅಲ್ಲೇ ತಾಟಿನ ಮುಂದೆ ನಿಶ್ಚಯಿಸಿದೆ.

ನಿಶ್ಚಯ ಮಾಡಿದ್ದು ನಾನು, ಕಾರ್ಯಕ್ರಮ ಹಾಕಿಕೊಟ್ಟದ್ದು ಪ್ರಿಯಾಂಕಾ. ಮೊಬೈಲಿನಲ್ಲಿ ಹುಡುಕಿ ಹುಡುಕಿ, ನೌಕರಿ ಹುಡುಕುವುದು ಹೇಗೆಂದು ಹೇಳಿಕೊಡುವ ವಿಡಿಯೋಗಳನ್ನು ತೋರಿಸಿದಳು. ಎಲ್ಲದರಲ್ಲೂ ಕೋಟು ಹಾಕಿದ ಒಬ್ಬರು ಇರುತ್ತಿದ್ದರು. ಅವರಿಗೆ ನೌಕರಿ ಸಿಕ್ಕಾಗಿದೆ ಎಂಬುದು ಮುಖದಲ್ಲೇ ಗೊತ್ತಾಗುತ್ತಿತ್ತು. ಅವರ ಪ್ರಕಾರ ಪರಿಚಯದವರಿಗೆಲ್ಲ "ನನಗೆ ನೌಕರಿ ಬೇಕಾಗಿದೆ" ಎಂದು ನಾಚದೆ ತಿಳಿಸಬೇಕು, ಮತ್ತು ನಮ್ಮ ಗುಣಗಳನ್ನು ಒಂದೇ ನಿಮಿಷದಲ್ಲಿ ಹೇಳಿ ಮುಗಿಸಲು ಕಲಿಯಬೇಕು. ಒಂದು ನಿಮಿಷದಲ್ಲಿ ನಮ್ಮ ಕಡೆ ಚಪ್ಪಲಿ ಬಿಟ್ಟು ಒಳಗೆ ಹೋಗುವುದೇ ಮುಗಿಯುವುದಿಲ್ಲ. ಹೋದವರು ಕುಳಿತು ನೀರು ಕುಡಿದು, ಮಳೆಯ ಮಾತು, ತೊಗರಿಯ ದರ, ಮಕ್ಕಳ ಸಾಲಿ, ಯಾರದ್ದೋ ಶುಗರು ಎಲ್ಲ ಆದ ಮೇಲೆ ಚಹಾ ಬರುತ್ತದೆ. ಚಹಾ ಕುಡಿದು, "ಬರ್ತೇನ್ರಿ" ಎಂದು ಎದ್ದು, ಬಾಗಿಲವರೆಗೆ ಬಂದು, ಒಂದು ಚಪ್ಪಲಿ ಹಾಕಿಕೊಂಡು, ಇನ್ನೊಂದನ್ನು ಕಾಲಿನಿಂದ ಹುಡುಕುತ್ತ, "ಅಂದಂಗ..." ಎನ್ನಬೇಕು. ಬಂದ ಕೆಲಸ ಹೇಳುವುದು ಆ ಎರಡು ಚಪ್ಪಲಿಗಳ ನಡುವೆ. ಕೋಟಿನವರಿಗೆ ಇದು ಗೊತ್ತಿರಲಿಕ್ಕಿಲ್ಲ, ಅವರು ಬೂಟು ಹಾಕಿದ್ದರು.

ಆದರೂ ಮಗಳ ಮನಸ್ಸು ಮುರಿಯಬಾರದೆಂದು ಅಭ್ಯಾಸಕ್ಕೆ ಕುಳಿತೆ. ಅವಳು ಮೊಬೈಲಿನಲ್ಲಿ ಗಡಿಯಾರ ಹಚ್ಚಿ, "ಹೂಂ ಪಪ್ಪಾ, ನಿಮ್ಮ ಬಗ್ಗೆ ಹೇಳ್ರಿ" ಎಂದಳು. ನಾನು ಕೆಮ್ಮಿದೆ. ಕನ್ನಡಕ ಒರೆಸಿದೆ. "ನನ್ನದೇನು ಹೇಳೂದು, ಏನೋ ನಡದದ" ಎಂದೆ. ಇನ್ನೂ ನಲವತ್ತು ಸೆಕೆಂಡು ಉಳಿದಿತ್ತು. ಅದರಲ್ಲಿ ಚಹಾ ಕೇಳಿದೆ. ಮಂಗಲಾ ಅಡುಗೆಮನೆಯಿಂದಲೇ, "ಅಳದಿದ್ರ ಹಡೆದ ತಾಯಿನೂ ಹಾಲು ಕುಡಸಂಗಿಲ್ಲ. ಮಂದಿ ಎಲ್ಲಿ ಕುಡಸ್ತಾರ್ರಿ? ಬಾಯಿ ಬಿಟ್ಟು ಕೇಳ್ರಿ ಇನ್ನ" ಎಂದಳು. ಪ್ರಿಯಾಂಕಾ ನನ್ನ ಬಯೋಡಾಟಾ ತಾನೇ ಬರೆದು, ಮೇಲೆ ನನ್ನ ಫೋಟೋ ಅಂಟಿಸಿ, ಹತ್ತು ಪ್ರತಿ ತೆಗೆಸಿ ಚೀಲದಲ್ಲಿಟ್ಟಳು.

ಮೊದಲು ಹೋದದ್ದು ನಮ್ಮ ಓಣಿಯವರೇ ಆದ, ಔಷಧಿಯ ಸಗಟು ವ್ಯಾಪಾರ ಮಾಡುವ ಒಬ್ಬರ ಹತ್ತಿರ. ಹತ್ತು ವರ್ಷದ ಪರಿಚಯ. ಮಳೆ, ತೊಗರಿ, ಶುಗರು ಎಲ್ಲ ಮುಗಿಸಿ ಎಡಗಾಲಿನ ಚಪ್ಪಲಿ ಹಾಕಿಕೊಂಡೆ. "ಅಂದಂಗ, ನನಗ" ಎಂದು ಶುರು ಮಾಡಬೇಕೆಂದು ಇಡೀ ದಾರಿ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಬಾಯಿ ತೆರೆದಾಗ ಬಂದದ್ದು, "ಅಂದಂಗ, ನಮ್ಮವರೊಬ್ಬರಿಗೆ ನೌಕರಿ ಬೇಕಾಗ್ಯಾದ್ರಿ." ಅವರು ನನ್ನ ಕೈ ಹಿಡಿದು, "ಅಯ್ಯ ಸರ್, ನಮ್ಮವರೊಬ್ಬರಿಗೂ ಬೇಕಾಗ್ಯಾದ. ನಿಮ್ಮ ಕಾಲೇಜಿನಾಗ ಏನಾರ ಇದ್ರ ನೋಡ್ರಿ" ಎಂದರು. "ನೋಡ್ತೇನ್ರಿ" ಎಂದು ಮಾತು ಕೊಟ್ಟು ಬಂದೆ. ಬಯೋಡಾಟಾ ಚೀಲದಲ್ಲೇ ಉಳಿಯಿತು. ಅದನ್ನು ಹೇಗೆ ಕೊಡಲಿ, ಅದರ ಮೇಲೆ ನನ್ನದೇ ಫೋಟೋ ಇತ್ತು.

ಎರಡನೆಯ ಪ್ರಯತ್ನ ಔರಾದದಲ್ಲಿ. ಅದು ಮಂಗಲಾಳ ತವರು. ಅಲ್ಲಿ ಒಂದು ಖಾಸಗಿ ಶಾಲೆ ನಡೆಸುವ ಕಾಶಿನಾಥ ಗುರೂಜಿ ಎಂಬ ಹಿರಿಯರು ನನ್ನ ಮಾವನವರಿಗೆ ಬೇಕಾದವರು. ಅವರ ಮನೆಗೆ ಹೋಗಿ ಕುಳಿತೆ. ಔರಾದದವರು ಅರ್ಧ ಮಾತು ಕನ್ನಡದಲ್ಲಿ ಆಡಿ ಉಳಿದರ್ಧ ಮರಾಠಿಯಲ್ಲಿ ಮುಗಿಸುತ್ತಾರೆ. ಸಂಕೋಚದ ಮನುಷ್ಯನಿಗೆ ಇದರಿಂದ ಯೋಚಿಸಲು ಸ್ವಲ್ಪ ಸಮಯ ಸಿಗುತ್ತದೆ. ನಮ್ಮವರೊಬ್ಬರ ವಿಷಯ ತೆಗೆದೆ. ಗುರೂಜಿ ಆಸಕ್ತಿಯಿಂದ, "ವಯಸ್ಸೆಷ್ಟರಿ?" ಎಂದರು. ನಲವತ್ತೊಂಬತ್ತು ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ ಎನಿಸಿ, "ಮೂವತ್ತೆರಡು" ಎಂದೆ. "ನಡತಿ?" "ಬಂಗಾರದಂಥವರ್ರಿ. ಅಡಕಿ ಚೂರಿನ ಚಟನೂ ಇಲ್ಲ." "ಮನಿ ಮಾರು?" "ಬೀದರದಾಗ ಸ್ವಂತ ಮನಿ ಅದ್ರಿ." ಗುರೂಜಿ ಒಳಗೆ ತಿರುಗಿ ಹೆಂಡತಿಯನ್ನು ಕರೆದರು. ಇಬ್ಬರೂ ಮರಾಠಿಯಲ್ಲಿ ಏನೋ ಮಾತಾಡಿಕೊಂಡರು. ಚಹಾದ ಜೊತೆ ಚೂಡಾ ಬಂತು, ಅದರ ಹಿಂದೆ ಬೇಸನ್ ಉಂಡಿ ಬಂತು. ಕೆಲಸ ಆಯಿತೆಂದೇ ತಿಳಿದೆ. ಗುರೂಜಿ ಕೈ ಒರೆಸಿಕೊಂಡು, "ನೌಕರಿ ಅಂತೂ ನಮ್ಮಲ್ಲಿ ಖಾಲಿ ಇಲ್ರಿ. ಆದ್ರ ನಮ್ಮ ಅಣ್ಣನ ಮಗಳೊಬ್ಬಾಕಿ ಇದ್ದಾಳ. ಎಂ.ಎ. ಓದ್ಯಾಳ. ಹುಡುಗನ ಫೋಟೋ ತಂದೀರೇನು?" ಎಂದರು. ನಾನು ಚೀಲವನ್ನು ಎದೆಗೆ ಒತ್ತಿ ಹಿಡಿದುಕೊಂಡು ಬಸ್ ನಿಲ್ದಾಣಕ್ಕೆ ಬಂದೆ.

ಮನೆಯಲ್ಲಿ ನಡೆದದ್ದು ನಡೆದಂತೆ ಹೇಳಿದೆ. ಪ್ರಿಯಾಂಕಾ ನೆಲದ ಮೇಲೆ ಉರುಳಾಡಿ ನಕ್ಕಳು. ಮಂಗಲಾ ನಗಲಿಲ್ಲ. "ನೌಕರಿ ಕೇಳ್ಲಿಕ್ಕ ಹೋಗಿ ಹೆಣ್ಣು ಗೊತ್ತು ಮಾಡ್ಕೊಂಡು ಬಂದೀರಿ. ನೌಕರಿ ಇಲ್ಲದವಗ ಹೆಣ್ಣು ಕೊಡೂ ಮಂದಿ ನಮ್ಮ ಔರಾದದವರೇ ಇರ್ಬೇಕು" ಎಂದಳು. ತನ್ನನ್ನು ನನಗೆ ಕೊಟ್ಟ ತಂದೆ ನೆನಪಾದರೋ ಏನೋ, "ಆಗ ನಿಮಗ ನೌಕರಿ ಇತ್ತು ಬಿಡ್ರಿ" ಎಂದು ಸೇರಿಸಿದಳು. ಅಂದಿನಿಂದ ನಾನು ಹೊರಗಿನಿಂದ ಬಂದ ಕೂಡಲೇ ಆಕೆ, "ಇವತ್ತು ನಿಮ್ಮವರಿಗೆ ಏನಾರ ಸಿಕ್ತೇನ್ರಿ?" ಎಂದು ಕೇಳುವುದು, ನಾನು, "ಇಲ್ಲ, ಅವರ ನಸೀಬೇ ನೆಟ್ಟಗಿಲ್ಲ" ಎನ್ನುವುದು ರೂಢಿಯಾಯಿತು. ಹೀಗೆ ಹೇಳುವುದರಲ್ಲಿ ಒಂದು ಸಮಾಧಾನವೂ ಇತ್ತು. ನೌಕರಿ ಸಿಗದೆ ಇದ್ದದ್ದು ಅವರಿಗೆ, ನಾನು ಓಡಾಡಿ ದಣಿದಿದ್ದೆ ಅಷ್ಟೆ.

ಜುಲೈ ಮುಗಿಯಿತು. ಎಂ.ಎಸ್ಸಿ. ಅರ್ಜಿಯ ಪ್ರಕಟಣೆ ಬಂತು. ಪ್ರಿಯಾಂಕಾ ಅದನ್ನು ಮೊಬೈಲಿನಲ್ಲಿ ನೋಡುವಾಗ ನಾನು ಹಿಂದೆ ನಿಂತಿದ್ದೆ. ನನ್ನನ್ನು ಕಂಡು ಪಟ್ಟನೆ ಒಂದು ಅಡುಗೆಯ ವಿಡಿಯೋ ಹಚ್ಚಿದಳು. ಮರುದಿನ ಬೆಳಿಗ್ಗೆ ನಾನು ಭಾಲ್ಕಿಯ ಬಸ್ಸು ಹತ್ತಿದೆ.

ಭಾಲ್ಕಿಯಲ್ಲಿ ಚನ್ನಬಸಪ್ಪ ಸಾಹುಕಾರರದೊಂದು ದಾಲ್ ಮಿಲ್ ಇದೆ. ಅವರು ಒಂದೆರಡು ಸಲ ನಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೆ ಅತಿಥಿಯಾಗಿ ಬಂದಿದ್ದರು. ನಾನು ಅವರಿಗೆ ಹಾರ ಹಾಕಿದ್ದ ಗುರುತಿತ್ತು. ಹಣೆತುಂಬ ವಿಭೂತಿ, ಎದುರಿಗೆ ಬಂದವರಿಗೆಲ್ಲ ಮೊದಲೇ ಕೈಮುಗಿದು "ಶರಣು ಶರಣಾರ್ಥಿ" ಎನ್ನುವ ಸಾತ್ವಿಕರು. ಮಿಲ್ಲಿನ ಆಫೀಸು ನೋಡಿಕೊಳ್ಳುವವರು ಒಬ್ಬರು ಬೇಕಾಗಿದ್ದಾರೆಂದು ಯಾರಿಂದಲೋ ಕೇಳಿದ್ದೆ. ಒಳಗೆ ತೊಗರಿ ಒಡೆದು ಬೇಳೆ ಮಾಡುವ ಸದ್ದು, ಹೊರಗೆಲ್ಲ ಧೂಳು. ಸಾಹುಕಾರರು ಎದುರಿನ ಹೋಟೆಲಿನಿಂದ ಚಹಾ ತರಿಸಿದರು. ಔರಾದದ ಅನುಭವದಿಂದ ಬುದ್ಧಿ ಕಲಿತು ನಮ್ಮವರ ವಯಸ್ಸನ್ನು ಈ ಸಲ ಮತ್ತೆ ನಲವತ್ತೊಂಬತ್ತಕ್ಕೆ ತಂದಿದ್ದೆ.

"ಹಂಗಾರ ನಿಮ್ಮ ವಾರಿಗಿಯವರೇ ಅನ್ರಿ" ಎಂದರು ಸಾಹುಕಾರರು.

"ಹೌದ್ರಿ, ಒಂದೇ ವಾರಿಗಿ."

"ಮೊದಲ ಎಲ್ಲಿ ಮಾಡ್ಯಾರ?"

"ಇಪ್ಪತ್ತೆರಡು ವರ್ಷ ಒಂದೇ ಕಡಿ ಮಾಡ್ಯಾರ್ರಿ. ಸಂಸ್ಥೆನೇ ಬಂದ್ ಆಯ್ತ್ರಿ, ಅವರದೇನು ತಪ್ಪಿಲ್ಲ."

"ಬೀದರದಿಂದ ದಿನಾ ಬಂದು ಹೋಗೂದು ಆಗ್ತದೇನು ಅವರಿಗೆ? ಮನ್ಯಾಗ ಹೆಣ್ಮಗಳು ಒಪ್ಪಬೇಕಲ್ಲ."

"ಆಕಿ ಏಳಕ್ಕೇ ಡಬ್ಬಿ ಕಟ್ಟಿ ಕಳಸ್ತಾಳ್ರಿ" ಎಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಸಾಹುಕಾರರು ನನ್ನ ಮುಖವನ್ನೇ ನೋಡಿ ಮೆಲ್ಲಗೆ ನಕ್ಕರು.

ಆ ನಗೆ ನೋಡಿ ನನಗೆ ಖಾತ್ರಿಯಾಯಿತು, ಇವರಿಗೆ ಎಲ್ಲ ತಿಳಿದಿದೆ. ಎಂಥ ದೊಡ್ಡ ಮನುಷ್ಯ, ನನ್ನ ಮಾನ ಉಳಿಸಲೆಂದು ತಾವೂ "ಅವರು, ಅವರು" ಎಂದೇ ಮಾತಾಡುತ್ತಿದ್ದಾರಲ್ಲ ಎಂದು ಕಣ್ಣು ತುಂಬಿ ಬಂತು. ಧೂಳಿನ ನೆಪ ಮಾಡಿ ಒರೆಸಿಕೊಂಡೆ. ಆಮೇಲೆ ನಾನು ನಿಶ್ಚಿಂತೆಯಿಂದ ನಮ್ಮವರನ್ನು ಹೊಗಳತೊಡಗಿದೆ. ನನ್ನ ಬಗ್ಗೆ ನಾನೇ ಹೇಳುವುದಿದ್ದರೆ "ಏನೋ ಸ್ವಲ್ಪ ಬರ್ತದ್ರಿ" ಎಂದು ಮುಗಿಸುತ್ತಿದ್ದೆ. ನಮ್ಮವರ ಬಗ್ಗೆ ಹೇಳುವಾಗ ನಾಲಿಗೆಗೆ ಯಾವ ಅಡ್ಡಿಯೂ ಇರಲಿಲ್ಲ. ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಜಗಳ ಬಿಡಿಸಬಲ್ಲರು ಎಂದೆ. ಹತ್ತು ವರ್ಷ ಹಿಂದಿನ ಪತ್ರವನ್ನೂ ಕಣ್ಣು ಮುಚ್ಚಿ ಕಪಾಟಿನಿಂದ ತೆಗೆಯಬಲ್ಲರು, ಕಂಪ್ಯೂಟರನ್ನು ತಾವೇ ಕಲಿತಿದ್ದಾರೆ, ಒಂದು ದಿನವೂ ತಡವಾಗಿ ಬಂದವರಲ್ಲ, ಸಿಟ್ಟೆಂಬುದೇ ಇಲ್ಲ ಎಂದೆ. "ಸುಳ್ಳು ಹೇಳೂ ಚಟ?" ಎಂದರು ಸಾಹುಕಾರರು. "ಇಲ್ರಿ, ಒಂದು ಸುಳ್ಳೂ ಹೇಳಂಗಿಲ್ಲ" ಎಂದೆ. ಹೇಳುತ್ತ ಹೇಳುತ್ತ ನನಗೇ ಅವರ ಮೇಲೆ ಪ್ರೀತಿ ಹುಟ್ಟಿತು. ಇಂಥ ಮನುಷ್ಯನೊಬ್ಬ ಎರಡು ತಿಂಗಳಿಂದ ಖಾಲಿ ಕೂತಿದ್ದಾನಲ್ಲ, ಈ ಲೋಕಕ್ಕೆ ಕಣ್ಣಿಲ್ಲವೇ ಎನಿಸಿತು.

"ಎಲ್ಲಾ ಖರೇ, ಅವರೇ ಯಾಕ ಬರ್ಲಿಲ್ಲ ಮತ್ತ?" ಎಂದು ಕೊನೆಗೆ ಕೇಳಿದರು.

"ಅವರಿಗೆ ಭಾಳ ಸಂಕೋಚ್ರಿ."

"ಸಂಕೋಚ ಇದ್ದವ ಛಲೋ ಮನುಷ್ಯ ಇರ್ತಾನ" ಎಂದು ಸಾಹುಕಾರರು ಎದ್ದು ಕೈಮುಗಿದರು. "ಸೋಮವಾರ ಬರ್ಲಿಕ್ಕ ಹೇಳ್ರಿ. ಕಾಯಕ ಮಾಡೂ ಮಂದಿ ನಮಗೂ ಬೇಕು." ಬಾಗಿಲಲ್ಲಿ ನಾನು ಎರಡೂ ಚಪ್ಪಲಿ ಒಟ್ಟಿಗೆ ಹಾಕಿಕೊಂಡೆ. ಹೇಳುವುದು ಇನ್ನೇನೂ ಉಳಿದಿರಲಿಲ್ಲ.

ಸೋಮವಾರ ಬೆಳಿಗ್ಗೆ ಮನೆಯಲ್ಲಿ ಹಬ್ಬದ ಸಡಗರ. ಮಂಗಲಾ ಶೇಂಗಾ ಹೋಳಿಗೆ ಮಾಡಿ ಡಬ್ಬಿಗೆ ಹಾಕಿದಳು. ಪ್ರಿಯಾಂಕಾ ಅಂಗಿಗೆ ಇಸ್ತ್ರಿ ಮಾಡಿದಳು, ಮಾಡುವಾಗ ಹಾಡು ಗುನುಗುತ್ತಿದ್ದಳು. ಎಷ್ಟು ದಿನವಾಗಿತ್ತು ಅವಳ ಗುನುಗು ಕೇಳಿ. ಹೊರಡುವಾಗ ಮಂಗಲಾ, "ಹೋದ ಕೂಡ್ಲೇ ನಾನೇ ಅಂತ ಬಾಯಿ ಬಿಟ್ಟು ಹೇಳ್ರಿ" ಎಂದಳು. "ಅದರಾಗ ಹೇಳೂದೇನದ? ಅವರಿಗೆ ಎಲ್ಲಾ ತಿಳಿದದ" ಎಂದೆ. "ನೀವು ತಿಳಿದಾರ ಅಂತೀರಿ. ಅವರು ತಿಳಿದಾರೋ ಇಲ್ಲೋ?" ಎಂದಳು. ಹೆಂಗಸರಿಗೆ ಸೂಕ್ಷ್ಮ ತಿಳಿಯುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡು ಬಸ್ಸು ಹತ್ತಿದೆ. ಹಲಬರ್ಗಾದಲ್ಲಿ ಬಸ್ಸು ನಿಂತಾಗ ಯಾಕೋ ಆಕೆಯ ಮಾತು ಮತ್ತೆ ಕಿವಿಗೆ ಬಂತು.

ಸಾಹುಕಾರರ ಆಫೀಸಿನಲ್ಲಿ ಅಂದು ಇಬ್ಬರು ಅಡತಿ ವ್ಯಾಪಾರಿಗಳು ಕುಳಿತಿದ್ದರು. ಗೋಡೆಯ ಹತ್ತಿರ ಒಂದು ಮೇಜನ್ನು ಒರೆಸಿ, ಹೊಸ ಕುರ್ಚಿ ಹಾಕಿ, ಒಂದು ತಂಬಿಗೆ ನೀರು ಇಟ್ಟಿದ್ದರು. ನನ್ನನ್ನು ಕಂಡ ಕೂಡಲೇ ಸಾಹುಕಾರರು ಎದ್ದರು. ಕೈಮುಗಿದರು. ಆಮೇಲೆ ನನ್ನ ಭುಜದ ಮೇಲಿಂದ ಹಿಂದೆ ನೋಡಿದರು. ಬಾಗಿಲಿಗೆ ಬಂದು ಗೇಟಿನವರೆಗೆ ಕಣ್ಣು ಹಾಯಿಸಿದರು. "ಎಲ್ಲಿದ್ದಾರ್ರಿ? ಹೊರಗ ನಿಂತಾರೇನು? ಸಂಕೋಚ ಮಾಡ್ಕೋಬ್ಯಾಡ್ರಿ ಅಂತ ಹೇಳ್ರಿ, ಒಳಗ ಕರೀರಿ" ಎಂದರು. ವ್ಯಾಪಾರಿಗಳ ಕಡೆ ತಿರುಗಿ, "ನಾ ಹೇಳಿದ್ನಲ್ಲ, ಅವರೇ. ಮೂರು ಭಾಷಾ ಬರ್ತದ, ಕಣ್ಣು ಮುಚ್ಚಿ ಕಾಗದ ತಗೀತಾರ" ಎಂದರು. ಅವರಿಬ್ಬರೂ ಕುತೂಹಲದಿಂದ ಬಾಗಿಲು ನೋಡತೊಡಗಿದರು.

"ನಾನೇರಿ ಅವರು" ಎನ್ನಬೇಕಿತ್ತು. ಎರಡೇ ಮಾತು. ಆದರೆ ಹಾಗೆಂದರೆ ಮೊನ್ನೆ ಅರ್ಧ ತಾಸು ಕುಳಿತು ನನ್ನನ್ನೇ ನಾನು ಬಂಗಾರ, ಬೆಳ್ಳಿ ಎಂದು ಹೊಗಳಿಕೊಂಡಿದ್ದೆ ಎಂದು ಮೂರು ಜನರ ಮುಂದೆ ಒಪ್ಪಿಕೊಂಡಂತಾಗುತ್ತಿತ್ತು. ಬೀದರಿನವನಿಗೆ ಅದಕ್ಕಿಂತ ಕಳ್ಳತನ ಒಪ್ಪಿಕೊಳ್ಳುವುದು ಸುಲಭ. ಬಾಯಿ ಒಣಗಿತು. ತಂಬಿಗೆಯ ನೀರು ಕಂಡಿತು, ಆದರೆ ಅದು ಅವರಿಗಾಗಿ ಇಟ್ಟದ್ದು. ಕೊನೆಗೆ ನನ್ನ ಬಾಯಿ, ನನ್ನನ್ನು ಕೇಳದೆಯೇ, "ಅವರಿಗೆ ಬ್ಯಾರೆ ಕಡಿ ಸಿಕ್ತ್ರಿ ಸಾವ್ಕಾರ್ರಿ. ಹೈದರಾಬಾದಿಗೆ ಹೋದ್ರು" ಎಂದಿತು.

ಸಾಹುಕಾರರ ಮುಖ ಸಣ್ಣದಾಯಿತು. "ಹೌದಲ್ಲ, ಅಂಥವರನ್ನ ಮಂದಿ ಬಿಡ್ತಾರೇನು?" ಎಂದು ಕುಳಿತರು. ಬರುತ್ತೇನೆಂದು ನಾನು ಕೈಮುಗಿದೆ. ಪ್ರಿಯಾಂಕಾಳ ಗುನುಗು ನೆನಪಾಗಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹೋಳಿಗೆಯ ಡಬ್ಬಿ ಹಿಡಿದುಕೊಂಡು, ಸಿಕ್ಕ ನೌಕರಿಯನ್ನು ಹೈದರಾಬಾದಿಗೆ ಕಳಿಸಿದ ಮೂರ್ಖ ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ ಇದ್ದೇನು.

"ಒಂದು ನಿಮಿಷ ಕೂಡ್ರಿ ಸರ್" ಎಂದರು ಸಾಹುಕಾರರು. "ಇಷ್ಟು ಹೇಳ್ಲಿಕ್ಕ ಫೋನ್ ಹಚ್ಚಿದ್ರ ಆಗ್ತಿತ್ತು. ನೀವು ಬಸ್ಸಿಗೆ ಬಂದು ಎದುರಿಗೆ ನಿಂತು ಹೇಳ್ಲತ್ತೀರಿ. ಇಂಥ ಮಂದಿ ಈಗ ಎಲ್ಲಿ ಸಿಗ್ತಾರ?" ಅಡತಿಯವರಿಬ್ಬರೂ ತಲೆಯಾಡಿಸಿದರು. ಸಾಹುಕಾರರು ಹೊಸ ಕುರ್ಚಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ನೀವೇ ಯಾಕ ಬರಬಾರದು? ನೀವು ಅವರಷ್ಟು ಹುಷಾರ್ ಇರ್ಲಿಕ್ಕಿಲ್ಲ. ಆದ್ರ ನಡೀತದ."

"ಬರ್ತೇನ್ರಿ" ಎಂದೆ. ಅವರ ಮಾತಿನ್ನೂ ಪೂರ್ತಿ ಮುಗಿದಿರಲಿಲ್ಲ.

"ಅಲ್ರಿ, ವಿಚಾರ ಮಾಡಿ ಹೇಳ್ರಿ. ಕಾಲೇಜಿನ ಪಕ್ಕಾ ನೌಕರಿ ಬಿಟ್ಟು ಬರೂದು ಸಣ್ಣ ಮಾತಲ್ಲ. ಅವರು ನಿಮ್ಮನ್ನ ಬಿಡ್ಬೇಕಲ್ಲ?"

"ಅವರೇನು ತ್ರಾಸ ಕೊಡಂಗಿಲ್ರಿ" ಎಂದೆ.

"ಇನ್ನೊಂದು ಮಾತು. ಅವರಿಗೆ ಕೊಡಬೇಕಂತಿದ್ದಷ್ಟು ಪಗಾರ ನಿಮಗ ಕೊಡ್ಲಿಕ್ಕ ಆಗಂಗಿಲ್ಲ. ಅವರ ಮಾತೇ ಬ್ಯಾರೆ."

ನಾನು ನ್ಯಾಯವಾಗಿ ಯೋಚಿಸಿ ನೋಡಿದೆ. ನಾನು ಹೇಳಿದ ಆ ಮನುಷ್ಯನಿಗೂ ನನಗೂ ಅಷ್ಟು ವ್ಯತ್ಯಾಸ ಇದ್ದೇ ಇತ್ತು. "ಹೌದ್ರಿ" ಎಂದೆ. ಹೊಸ ಕುರ್ಚಿಯ ಮೇಲೆ ಕುಳಿತು ತಂಬಿಗೆಯ ನೀರು ಪೂರ್ತಿ ಕುಡಿದೆ.

ಈಗ ಒಂದು ವರ್ಷವಾಯಿತು. ಪ್ರಿಯಾಂಕಾ ಕಲಬುರಗಿಯ ಹಾಸ್ಟೆಲಿನಲ್ಲಿದ್ದಾಳೆ, ಎಂ.ಎಸ್ಸಿ. ಯಾರಿಗೂ ಬೇಡವೆಂದು ಈಗ ಹೇಳುವುದಿಲ್ಲ. ಮಂಗಲಾ ಏಳಕ್ಕೇ ಡಬ್ಬಿ ಕಟ್ಟುತ್ತಾಳೆ. ನಾನು ಮಿಲ್ಲಿನಲ್ಲಿ ಮನಸ್ಸಿಟ್ಟು ದುಡಿಯುತ್ತೇನೆ, ಸಾಹುಕಾರರು ಒಳ್ಳೆಯವರು. ಆದರೆ ಆ ಮನುಷ್ಯನನ್ನು ಅವರು ಮರೆತಿಲ್ಲ. ಲಾರಿಯ ಚೀಟಿಯೊಂದು ನನ್ನ ಕೈಗೆ ಬೇಗ ಸಿಗದಿದ್ದರೆ, "ಅವರಿದ್ರ ಕಣ್ಣು ಮುಚ್ಚಿ ತಗೀತಿದ್ರು" ಎಂದು ನಿಟ್ಟುಸಿರು ಬಿಡುತ್ತಾರೆ. ಬಸ್ಸು ಕೆಟ್ಟು ಹತ್ತು ನಿಮಿಷ ತಡವಾದರೆ ಏನೂ ಅನ್ನುವುದಿಲ್ಲ, ಗಡಿಯಾರ ನೋಡಿ, "ಅವರು ಒಂದು ದಿನನೂ ತಡಾ ಮಾಡ್ತಿದ್ದಿಲ್ಲಂತ" ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಾರೆ. ಒಮ್ಮೆ ಹಮಾಲರ ಮೇಲೆ ನಾನು ರೇಗಿದಾಗ ಅವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆ ಮನುಷ್ಯನಿಗೆ ಸಿಟ್ಟೇ ಇರಲಿಲ್ಲವೆಂಬುದು ಅವರಿಗೂ ಗೊತ್ತಾಗಿದೆ. ಮೊದಮೊದಲು ನನಗೆ ಇದರಿಂದ ನಗು ಬರುತ್ತಿತ್ತು. ಈಗೀಗ ಹೊಟ್ಟೆಯುರಿಯುತ್ತದೆ. ಬೆನ್ನ ಹಿಂದೆ ಅವನು ನಿಂತು ನಾನು ಮಾಡಿದ ಕೂಡಿಸು ಕಳೆ ತಪಾಸು ಮಾಡುತ್ತಿದ್ದಾನೆಂದೇ ಎಷ್ಟೋ ಸಲ ಅನಿಸುತ್ತದೆ.

ಮೊನ್ನೆ ಸಾಹುಕಾರರು ನನ್ನನ್ನು ಕರೆದು ಕೂಡಿಸಿದರು. ಕಮಲನಗರದಲ್ಲಿ ಇನ್ನೊಂದು ಮಿಲ್ ಶುರು ಮಾಡುವವರಿದ್ದಾರೆ. ಎರಡೂ ಮಿಲ್ಲಿನ ಮೇಲೆ ಒಬ್ಬ ಮ್ಯಾನೇಜರ್ ಬೇಕು. "ನಿಮ್ಮವರು ಹೈದರಾಬಾದದಾಗ ಖುಷಿ ಇದ್ದಾರೋ ಇಲ್ಲೋ, ಒಂದು ಫೋನ್ ಹಚ್ಚಿ ಕೇಳ್ರಿ. ಪಗಾರದ ಚಿಂತಿ ಮಾಡ್ಬ್ಯಾಡ್ರಿ ಅನ್ರಿ" ಎಂದರು. ಮನೆಗೆ ಬಂದು ಹೇಳಿದೆ. ಮಂಗಲಾ ಕೈಯಲ್ಲಿದ್ದ ಸೌಟು ಕೆಳಗಿಟ್ಟು, "ದೇವರು ಎರಡನೇ ಸಲ ಬಾಗಿಲಿಗೆ ಬಂದಾನ್ರಿ. ಈಗಾದ್ರೂ ಅವ ನಾನೇ ಅಂತ ಹೇಳ್ರಿ" ಎಂದಳು. ಆಕೆ ಹೇಳುವುದು ಸರಿ. ಎರಡು ದಿನ ಕುಳಿತು ಯೋಚಿಸಿದೆ. ನಾಳೆ ಹೋಗಿ, ಅವರು ಹೈದರಾಬಾದಿನಲ್ಲಿ ಆರಾಮವಾಗಿದ್ದಾರೆ, ಬರುವುದಿಲ್ಲವಂತೆ ಎಂದೇ ಹೇಳುವವನಿದ್ದೇನೆ. ಅಂಥ ಮನುಷ್ಯನ ಕೈಕೆಳಗೆ ಕೆಲಸ ಮಾಡುವುದು ನನ್ನಿಂದಾಗುವುದಿಲ್ಲ.